ಜರ್ಮನಿಗೆ ಹೊರಟ ಲ್ಯಾಬ್ರಡಾರ್ ಮತ್ತು ಪರ್ಷಿಯನ್ ಬೆಕ್ಕು: ಟಿಕೆಟ್ ಕೊಳ್ಳುವ ಮೊದಲು ತಿಳಿಯಬೇಕಾದದ್ದು

ಪ್ರಶ್ನೆ: ನಾವು ಮೈಸೂರಿನವರು. ನನ್ನ ಪತಿಗೆ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಸಿಕ್ಕಿದ್ದು, ಅಕ್ಟೋಬರ್ 1ರಂದು ಹಾಜರಾಗಬೇಕಿದೆ. ನಮ್ಮ ಮನೆಯಲ್ಲಿ 8 ವರ್ಷದ, 34 ಕೆಜಿ ತೂಕದ ಲ್ಯಾಬ್ರಡಾರ್ ನಾಯಿ ಮತ್ತು 4 ಕೆಜಿಯ ಪರ್ಷಿಯನ್ ಬೆಕ್ಕು ಇವೆ. ಎರಡಕ್ಕೂ ಪ್ರತಿವರ್ಷ ರೇಬೀಸ್ ಲಸಿಕೆ ತಪ್ಪದೆ ಹಾಕಿಸಿದ್ದೇವೆ. ಮೈಕ್ರೋಚಿಪ್ ಮಾತ್ರ ಹಾಕಿಸಿಲ್ಲ. ಸೆಪ್ಟೆಂಬರ್ ಕೊನೆಯ ವಾರ ಎಲ್ಲರೂ ಒಟ್ಟಿಗೆ ಹೊರಡಬಹುದೇ? ಬೆಕ್ಕನ್ನು ನಮ್ಮ ಜೊತೆಯಲ್ಲೇ ಇಟ್ಟುಕೊಳ್ಳಲು ಬಿಡುತ್ತಾರೆಯೇ? ನಾಯಿಗೆ ನಿದ್ದೆ ಬರುವ ಮಾತ್ರೆ ಕೊಡಬಹುದೇ? ಏಜೆಂಟರಿಲ್ಲದೆ ಇದನ್ನು ನಾವೇ ಮಾಡಿಕೊಳ್ಳಲಾದೀತೇ?

ಉತ್ತರ: ಮೊದಲ ಪ್ರಶ್ನೆಗೆ ನಾನು ಕೊಡುವ ಉತ್ತರ ನಿಮಗೆ ಹಿಡಿಸಲಾರದು, ಆದರೂ ಟಿಕೆಟ್ಟಿಗೆ ಹಣ ಕಟ್ಟುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೆಪ್ಟೆಂಬರ್ ಕೊನೆಯಲ್ಲಿ ನಿಮ್ಮ ಪತಿ ಹೊರಡಬಹುದು, ನೀವೂ ಹೊರಡಬಹುದು, ನಾಯಿ ಮತ್ತು ಬೆಕ್ಕು ಹೊರಡಲು ಸಾಧ್ಯವಿಲ್ಲ. ನಿಮ್ಮ ಪತ್ರ ಜುಲೈ ಎರಡನೇ ವಾರದಲ್ಲಿ ಕೈಸೇರಿದೆ. ಇಂದೇ ಕೆಲಸ ಶುರು ಮಾಡಿದರೂ ಅವುಗಳ ಪ್ರಯಾಣ ನವೆಂಬರ್ ಮೂರನೇ ವಾರಕ್ಕಿಂತ ಮೊದಲು ಆಗದು. ಹಣದಿಂದಾಗಲಿ ಶಿಫಾರಸಿನಿಂದಾಗಲಿ ಈ ಅವಧಿಯನ್ನು ಕುಗ್ಗಿಸಲು ಬರುವುದಿಲ್ಲ. ಕುಗ್ಗಿಸಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಅವರಿಂದ ದೂರವಿರಿ.

ಕಾರಣವಿಷ್ಟು. ರೇಬೀಸ್ ಹತೋಟಿಯಲ್ಲಿರುವ ದೇಶಗಳ ಒಂದು ಪಟ್ಟಿಯನ್ನು ಐರೋಪ್ಯ ಒಕ್ಕೂಟ ಇಟ್ಟುಕೊಂಡಿದೆ, ಭಾರತ ಅದರಲ್ಲಿಲ್ಲ. ಆ ಪಟ್ಟಿಯಲ್ಲಿಲ್ಲದ ದೇಶದಿಂದ ಬರುವ ನಾಯಿ, ಬೆಕ್ಕುಗಳಿಗೆ ಲಸಿಕೆ ಹಾಕಿಸಿದ ಪುಸ್ತಕವೊಂದೇ ಸಾಲದು. ಲಸಿಕೆಯ ಫಲವಾಗಿ ರಕ್ತದಲ್ಲಿ ಸಾಕಷ್ಟು ಪ್ರತಿಕಾಯಗಳು ಹುಟ್ಟಿವೆ ಎಂಬುದನ್ನು ಪರೀಕ್ಷೆಯಿಂದ ತೋರಿಸಬೇಕು. ಟೈಟರ್ ಪರೀಕ್ಷೆ ಎಂದು ಕರೆಯುವ ಇದರ ಫಲಿತಾಂಶ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಕಳೆದ ಮೇಲೆಯೇ ಈ ಪರೀಕ್ಷೆಗೆ ರಕ್ತ ತೆಗೆಯಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಪೂರ್ತಿ ಕಾಯಬೇಕು. ಹುಚ್ಚುನಾಯಿ ರೋಗದ ಸೋಂಕು ತಗುಲಿದ ಪ್ರಾಣಿಯಲ್ಲಿ ಲಕ್ಷಣಗಳು ಕಾಣಿಸಿಕೊಳ್ಳಲು ವಾರಗಳಿಂದ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಈ ಮೂರು ತಿಂಗಳ ಕಾಯುವಿಕೆಗೆ ಅರ್ಥವಿದೆ. ಲಸಿಕೆಗೆ ಮುಂಚೆಯೇ ಸೋಂಕು ಹೊಕ್ಕಿದ್ದರೆ ಅದು ಈ ಅವಧಿಯಲ್ಲಿ ಇಲ್ಲಿಯೇ ಬಯಲಾಗಲಿ ಎಂಬುದು ಉದ್ದೇಶ.

ಪ್ರತಿವರ್ಷ ಹಾಕಿಸಿದ ಲಸಿಕೆಗಳೆಲ್ಲ ಲೆಕ್ಕಕ್ಕಿಲ್ಲವೇ ಎಂದು ನೀವು ಕೇಳಬಹುದು. ಪ್ರಾಣಿಯ ಮೈಗೆ ಅವು ಖಂಡಿತ ಲೆಕ್ಕಕ್ಕಿವೆ, ಕಾಗದಕ್ಕೆ ಇಲ್ಲ. ಚಿಪ್ ಹಾಕುವ ಮೊದಲು ಕೊಟ್ಟ ಲಸಿಕೆ ಈ ನಾಯಿಗೇ ಕೊಟ್ಟದ್ದೆಂದು ರುಜುವಾತು ಮಾಡಲು ಬಾರದು ಎಂಬುದು ಒಕ್ಕೂಟದ ನಿಲುವು. ಆದ್ದರಿಂದ ಮೊದಲು ಚಿಪ್, ಆಮೇಲೆ ಲಸಿಕೆ. ಎರಡನ್ನೂ ಒಂದೇ ದಿನ, ಇದೇ ಕ್ರಮದಲ್ಲಿ ಮಾಡಿಸಬಹುದು. ಜುಲೈ 20ಕ್ಕೆ ಚಿಪ್ ಹಾಕಿಸಿ ಅಂದೇ ಲಸಿಕೆ ಕೊಡಿಸಿದಿರಿ ಎನ್ನೋಣ. ಆಗಸ್ಟ್ 19ಕ್ಕೆ ಮೊದಲು ರಕ್ತ ತೆಗೆಯುವಂತಿಲ್ಲ. ದಿನ ಎಣಿಸುವಾಗ ಒಂದು ದಿನ ಹೆಚ್ಚುಕಡಿಮೆಯಾದರೆ ಇಡೀ ಪರೀಕ್ಷೆಯೇ ತಿರಸ್ಕೃತವಾಗುವುದರಿಂದ ಆಗಸ್ಟ್ 21ಕ್ಕೆ ತೆಗೆಸಿರಿ ಎನ್ನುತ್ತೇನೆ. ಅಲ್ಲಿಂದ ಮೂರು ತಿಂಗಳೆಂದರೆ ನವೆಂಬರ್ 21. ಈ ಮೂರು ತಿಂಗಳನ್ನು ವರದಿ ಬಂದ ದಿನದಿಂದ ಎಣಿಸಬೇಕಾಗಿಲ್ಲ. ಹಾಗೆಂದು ತಿಳಿದು ಅನಗತ್ಯವಾಗಿ ಇನ್ನೂ ಮೂರ್ನಾಲ್ಕು ವಾರ ಕಾದವರು ಬಹಳ ಮಂದಿ ಇದ್ದಾರೆ.

ಚಿಪ್ಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾಗದಪತ್ರಗಳ ತೊಡಕಿಗೆ ಬಹುಪಾಲು ಮೂಲ ಇಲ್ಲಿಯೇ ಇರುತ್ತದೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಈ ಗಾಜಿನ ಕೊಳವೆಯನ್ನು ಕುತ್ತಿಗೆ ಮತ್ತು ಭುಜಗಳ ನಡುವಿನ ಚರ್ಮದಡಿ ಸೂಜಿಯಿಂದ ಇಳಿಸುತ್ತಾರೆ, ಅರಿವಳಿಕೆಯ ಅಗತ್ಯವಿಲ್ಲ. ಐಎಸ್‌ಒ 11784 ಮತ್ತು 11785 ಮಾನದಂಡಗಳಿಗೆ ಹೊಂದುವ, 15 ಅಂಕಿಗಳ ಚಿಪ್ಪನ್ನೇ ಕೇಳಿ ಹಾಕಿಸಿ. ಹಾಕಿದ ಕೂಡಲೇ ಸ್ಕ್ಯಾನರ್ ಹಿಡಿದು ಪರದೆಯ ಮೇಲಿನ ಸಂಖ್ಯೆಯನ್ನು ಪೊಟ್ಟಣದ ಮೇಲಿನ ಚೀಟಿಯೊಂದಿಗೆ ಅಂಕಿ ಅಂಕಿಯಾಗಿ ಓದಿ ತಾಳೆ ನೋಡಿ. ಅದೇ 15 ಅಂಕಿಗಳು ಲಸಿಕೆ ಪುಸ್ತಕದಲ್ಲಿ, ರಕ್ತದ ಮಾದರಿಯೊಂದಿಗೆ ಹೋಗುವ ಅರ್ಜಿಯಲ್ಲಿ, ಪ್ರಯೋಗಾಲಯದ ವರದಿಯಲ್ಲಿ, ಕೊನೆಗೆ ಸರ್ಕಾರಿ ಪ್ರಮಾಣಪತ್ರದಲ್ಲಿ ಬರುತ್ತವೆ. ಕೈಬರಹದಲ್ಲಿ ಒಂದು 1 ಒಂದು 7ರಂತೆ ಕಂಡರೆ ಸಾಕು, ಫ್ರಾಂಕ್‌ಫರ್ಟ್‌ನ ಅಧಿಕಾರಿಯ ಕಣ್ಣಿಗೆ ಅದು ಬೇರೊಂದು ನಾಯಿ. ಚಿಪ್ ಹಾಕಿದ ದಿನಾಂಕವೂ ಪುಸ್ತಕದಲ್ಲಿ ನಮೂದಾಗಿರಬೇಕು. ಆ ಪುಟದಲ್ಲಿ ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಮೂರೂ ಇರಲಿ. ರಕ್ತ ತೆಗೆಯುವ ದಿನ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಚಿಪ್ ಚರ್ಮದಡಿ ಭುಜದತ್ತ ಜಾರಿ ಕುಳಿತಿದ್ದರೆ ಹುಡುಕುವ ಜಾಗವಾದರೂ ನಿಮಗೆ ಗೊತ್ತಿರುತ್ತದೆ.

ಟೈಟರ್ ಪರೀಕ್ಷೆಯನ್ನು ಐರೋಪ್ಯ ಆಯೋಗ ಮಾನ್ಯ ಮಾಡಿದ ಪ್ರಯೋಗಾಲಯದಲ್ಲೇ ಮಾಡಿಸಬೇಕು. ಎಷ್ಟೇ ಹೆಸರುವಾಸಿಯಾದ ಪ್ರಯೋಗಾಲಯವಾದರೂ ಆ ಪಟ್ಟಿಯಲ್ಲಿಲ್ಲದಿದ್ದರೆ ಅದರ ವರದಿಗೆ ಬೆಲೆಯಿಲ್ಲ. ನಿಮ್ಮ ವೈದ್ಯರು ರಕ್ತದಿಂದ ಸೀರಮ್ ಬೇರ್ಪಡಿಸಿ ತಣ್ಣಗೆ ಕಳುಹಿಸುತ್ತಾರೆ; ರಕ್ತಕಣಗಳು ಒಡೆದು ಸೀರಮ್ ಕೆಂಪಾದರೆ ಮಾದರಿ ತಿರಸ್ಕೃತವಾಗುವ ಸಾಧ್ಯತೆ ಇದೆ. ವರ್ಷ ವರ್ಷ ಲಸಿಕೆ ಪಡೆದ ನಿಮ್ಮ ಲ್ಯಾಬ್ರಡಾರ್‌ನಂತಹ ನಾಯಿಗೆ 0.5 ದಾಟುವುದು ಸಾಮಾನ್ಯವಾಗಿ ಕಷ್ಟವಲ್ಲ. ಮೊದಲ ಬಾರಿ ಲಸಿಕೆ ಪಡೆದ ಮರಿಗಳಲ್ಲಿ ಪ್ರತಿಕಾಯದ ಮಟ್ಟ ಕೆಲವು ವಾರಗಳಲ್ಲಿ ಏರಿ ಮತ್ತೆ ಇಳಿಯುವುದರಿಂದ ಅವುಗಳಿಗೆ 30 ದಿನ ಮುಗಿದ ಮೇಲೆ ತಡಮಾಡಬಾರದು. ಒಮ್ಮೆ ತೇರ್ಗಡೆಯಾದ ಪರೀಕ್ಷೆ, ಮುಂದಿನ ಲಸಿಕೆಗಳನ್ನು ಅವಧಿ ಮೀರದಂತೆ ಹಾಕಿಸುತ್ತ ಹೋದರೆ, ಆ ಪ್ರಾಣಿಯ ಜೀವಮಾನವಿಡೀ ಊರ್ಜಿತ. ಒಂದೇ ಒಂದು ದಿನ ಅವಧಿ ಮೀರಿದರೂ ಎಲ್ಲವೂ ಮೊದಲಿನಿಂದ.

ಹಾಗಾದರೆ ಅಕ್ಟೋಬರ್ 1ರ ಗತಿಯೇನು? ನನ್ನ ಸಲಹೆ ಸ್ಪಷ್ಟವಾಗಿದೆ: ನಿಮ್ಮ ಪತಿ ಮೊದಲು ಹೋಗಲಿ, ನೀವು ಪ್ರಾಣಿಗಳೊಂದಿಗೆ ಉಳಿದು ನವೆಂಬರ್ ಕೊನೆಯಲ್ಲಿ ಹೊರಡಿ. ನೀವಿಬ್ಬರೂ ಈಗಲೇ ಹೋಗಿ, ಪ್ರಾಣಿಗಳನ್ನು ಬೋರ್ಡಿಂಗ್‌ನಲ್ಲೋ ನೆಂಟರ ಮನೆಯಲ್ಲೋ ಬಿಟ್ಟು, ಆಮೇಲೆ ಅವನ್ನಷ್ಟೇ ಕಾರ್ಗೋದಲ್ಲಿ ತರಿಸಿಕೊಳ್ಳುವ ಯೋಚನೆ ಸುಲಭವಾಗಿ ಕಾಣುತ್ತದೆ, ಆದರೆ ಅಲ್ಲೊಂದು ತೊಡಕಿದೆ. ಮಾಲೀಕರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ ನಡುವೆ, ಮೊದಲಾಗಲಿ ಆಮೇಲಾಗಲಿ, 5 ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಒಕ್ಕೂಟ ಅದನ್ನು ಸಾಕುಪ್ರಾಣಿಯ ಖಾಸಗಿ ಪ್ರಯಾಣವೆಂದು ಪರಿಗಣಿಸದೆ ವಾಣಿಜ್ಯ ಸಾಗಣೆಯ ನಿಯಮಗಳಡಿ ತರುತ್ತದೆ. ಆಗ ಪ್ರಮಾಣಪತ್ರದ ನಮೂನೆ ಬೇರೆ, ತಪಾಸಣೆ ಬೇರೆ, ಖರ್ಚೂ ಬೇರೆ. ಇಬ್ಬರೂ ಹೋಗಲೇಬೇಕಾದರೆ ನವೆಂಬರಿನಲ್ಲಿ ಒಬ್ಬರು ಮರಳಿ ಬಂದು ಕರೆದೊಯ್ಯುವುದು ಲೇಸು. ಇನ್ನೊಂದು ಮಾತೂ ಇದೆ. ಮನೆಯವರೆಲ್ಲ ಒಮ್ಮೆಗೇ ಕಣ್ಮರೆಯಾಗಿ, ವಾರಗಳ ಮೇಲೆ ಅಪರಿಚಿತರು ಪೆಟ್ಟಿಗೆಗೆ ಹಾಕಿ ಕಳುಹಿಸುವುದಕ್ಕಿಂತ, ತನ್ನ ಮನುಷ್ಯರೊಬ್ಬರು ಕೊನೆಯವರೆಗೂ ಜೊತೆಗಿರುವುದು 8 ವರ್ಷದ ನಾಯಿಗೆ ಎಷ್ಟೋ ವಾಸಿ.

ಪ್ರಯಾಣದ ಹತ್ತಿರ ಬರುವ ಕಾಗದದ ಕೆಲಸ ಮೇಲಿನದರಷ್ಟು ಜಟಿಲವಲ್ಲ. ಎಕ್ಯೂಸಿಎಸ್ ಎಂದು ಕರೆಯಲಾಗುವ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಕಚೇರಿ ಬೆಂಗಳೂರಿನಲ್ಲಿಯೂ ಇದೆ. ಐರೋಪ್ಯ ಒಕ್ಕೂಟದ ನಮೂನೆಯ ಆರೋಗ್ಯ ಪ್ರಮಾಣಪತ್ರವನ್ನು ಕೊಡಬೇಕಾದವರು ಅಲ್ಲಿನ ಸರ್ಕಾರಿ ಪಶುವೈದ್ಯರು. ಖಾಸಗಿ ವೈದ್ಯರ ಪತ್ರ ಅದಕ್ಕೆ ಪೂರಕವಷ್ಟೇ. ಈ ಪ್ರಮಾಣಪತ್ರ ಕೊಟ್ಟ ದಿನದಿಂದ ಫ್ರಾಂಕ್‌ಫರ್ಟ್‌ನಲ್ಲಿ ತಪಾಸಣೆಯಾಗುವವರೆಗೆ 10 ದಿನ ಮೀರಬಾರದು. ಹಾಗೆಂದು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಂಡರೆ ಒಂದು ಸಹಿ ಬಿಟ್ಟುಹೋದರೂ ಸರಿಪಡಿಸಲು ಸಮಯವಿರುವುದಿಲ್ಲ. ನಾಲ್ಕೈದು ದಿನ ಮುಂಚೆ, ನಡುವೆ ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳು ಬಾರದಂತೆ ನೋಡಿಕೊಂಡು ಹೋಗಿ. ಮೂಲ ಲಸಿಕೆ ಪುಸ್ತಕ, ಟೈಟರ್ ವರದಿ, ನಿಮ್ಮ ಪಾಸ್‌ಪೋರ್ಟ್, ಟಿಕೆಟ್, ಹೊಸದಾಗಿ ಪಡೆದ ಆರೋಗ್ಯ ಪತ್ರ ಇವುಗಳ ಎರಡೆರಡು ಪ್ರತಿ ಜೊತೆಗಿರಲಿ. ವಿಮಾನ ಮುಂದೂಡಲ್ಪಟ್ಟು 10 ದಿನ ದಾಟಿದರೆ ಹೊಸ ಪ್ರಮಾಣಪತ್ರವೇ ಬೇಕು.

ಈಗ ನಿಮ್ಮ ಬೆಕ್ಕಿನ ವಿಷಯ. ಕ್ಯಾಬಿನ್‌ನಲ್ಲಿ ಪ್ರಾಣಿಗಳಿಗೆ ಅವಕಾಶ ಕೊಡುವ ವಿಮಾನ ಸಂಸ್ಥೆಗಳಲ್ಲಿ ಸೀಟಿನ ಕೆಳಗೆ ಹಿಡಿಸುವ ಮೆತ್ತನೆಯ ಚೀಲದಲ್ಲಿ ಅದನ್ನು ಒಯ್ಯಬಹುದು. ಲುಫ್ತಾನ್ಸಾದಲ್ಲಿ ಚೀಲವೂ ಸೇರಿ ಮಿತಿ 8 ಕೆಜಿ. ನಿಮ್ಮ ಬೆಕ್ಕು ಅದರೊಳಗೆ ಆರಾಮವಾಗಿ ಬರುತ್ತದೆ. ತೊಡೆಯ ಮೇಲೆ ಕೂರಿಸಿಕೊಳ್ಳಲು ಬಿಡುವುದಿಲ್ಲ, ದಾರಿಯುದ್ದಕ್ಕೂ ಚೀಲದಲ್ಲೇ ಇರಬೇಕು. ಒಂದು ವಿಮಾನದಲ್ಲಿ ಇಷ್ಟೇ ಪ್ರಾಣಿಗಳು ಎಂಬ ಮಿತಿ ಇರುವುದರಿಂದ ನಿಮ್ಮ ಟಿಕೆಟ್ ಕೊಳ್ಳುವ ಮೊದಲೇ ಬೆಕ್ಕಿನ ಜಾಗವನ್ನು ಖಚಿತಪಡಿಸಿಕೊಳ್ಳಿ. ಪರ್ಷಿಯನ್ ತಳಿಯ ಮಟ್ಟಿಗೆ ಕ್ಯಾಬಿನ್ ಬಿಟ್ಟು ಬೇರೆ ಯೋಚನೆಯನ್ನೇ ಮಾಡಬೇಡಿ. ಪಗ್, ಬುಲ್‌ಡಾಗ್, ಶಿಹ್ ತ್ಸು ನಾಯಿಗಳಂತೆ ಇವುಗಳದ್ದೂ ಚಪ್ಪಟೆ ಮುಖ. ಮೂಗಿನ ಹೊಳ್ಳೆ ಕಿರಿದು, ಉಸಿರಿನ ದಾರಿ ಇಕ್ಕಟ್ಟು. ಸೆಖೆ ಮತ್ತು ಗಾಬರಿ ಒಟ್ಟಿಗೆ ಬಂದಾಗ ಇಂತಹ ಪ್ರಾಣಿಗಳು ಬೇಗ ಕುಸಿಯುತ್ತವೆ. ಅದಕ್ಕಾಗಿಯೇ ಅನೇಕ ಸಂಸ್ಥೆಗಳು ಇವನ್ನು ಸರಕು ಕೋಣೆಗೆ ಸೇರಿಸಿಕೊಳ್ಳುವುದಿಲ್ಲ, ಆ ನಿರ್ಬಂಧ ಸರಿಯಾದದ್ದೇ.

ಬೆಕ್ಕಿನೊಂದಿಗೆ ಪ್ರಯಾಣಿಸುವವರು ಹೆದರಬೇಕಾದ ಜಾಗ ಆಕಾಶದಲ್ಲಿಲ್ಲ, ಭದ್ರತಾ ತಪಾಸಣೆಯ ಸಾಲಿನಲ್ಲಿದೆ. ಅಲ್ಲಿ ಬೆಕ್ಕನ್ನು ಚೀಲದಿಂದ ಹೊರತೆಗೆಸಿ ಚೀಲವನ್ನು ಮಾತ್ರ ಎಕ್ಸ್‌ರೇ ಯಂತ್ರದೊಳಗೆ ಬಿಡುತ್ತಾರೆ, ನೀವು ಬೆಕ್ಕನ್ನು ಎತ್ತಿಕೊಂಡು ಲೋಹಶೋಧಕದ ಚೌಕಟ್ಟು ದಾಟಬೇಕು. ಟ್ರೇಗಳ ಸದ್ದಿಗೆ ಬೆದರಿದ ಬೆಕ್ಕು ಭುಜದ ಮೇಲಿಂದ ನೆಗೆದರೆ ಆ ವಿಶಾಲವಾದ ಸಭಾಂಗಣದಲ್ಲಿ ಹಿಡಿಯುವುದು ಯಾರಿಂದಲೂ ಆಗದು. ಎದೆಗೂ ಕುತ್ತಿಗೆಗೂ ಬಿಗಿಯುವ ಹಾರ್ನೆಸ್ಸನ್ನು ಮನೆಯಲ್ಲೇ ತೊಡಿಸಿ ರೂಢಿ ಮಾಡಿಸಿ, ಅದರ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡ ಮೇಲೆಯೇ ಚೀಲದ ಜಿಪ್ ತೆಗೆಯಿರಿ. ಸಾಲಿನಿಂದ ಬೇರೆಯಾಗಿ ಒಳಕೋಣೆಯಲ್ಲಿ ತಪಾಸಣೆ ಮಾಡಿರೆಂದು ಸಿಬ್ಬಂದಿಯನ್ನು ವಿನಂತಿಸುವುದರಲ್ಲಿ ಸಂಕೋಚ ಬೇಡ.

34 ಕೆಜಿಯ ನಾಯಿ ಸರಕು ಕೋಣೆಯಲ್ಲೇ ಹೋಗಬೇಕು. ಆ ಮಾತು ಕೇಳಿದೊಡನೆ ಅನೇಕರು ಕತ್ತಲು, ಕೊರೆಯುವ ಚಳಿ, ಉಸಿರುಗಟ್ಟುವ ಜಾಗವನ್ನು ಕಲ್ಪಿಸಿಕೊಳ್ಳುತ್ತಾರೆ. ಪ್ರಾಣಿಗಳನ್ನು ಒಯ್ಯುವ ಕೆಳಕೋಣೆಯಲ್ಲಿ ಗಾಳಿಯ ಒತ್ತಡವನ್ನು ಪ್ರಯಾಣಿಕರ ಕೋಣೆಯಂತೆಯೇ ಕಾಯ್ದುಕೊಂಡಿರುತ್ತಾರೆ, ತಾಪಮಾನವನ್ನೂ ನಿಯಂತ್ರಿಸುತ್ತಾರೆ, ಕೆಳಗೆ ಜೀವಂತ ಪ್ರಾಣಿಯಿದೆ ಎಂಬ ಲಿಖಿತ ಸೂಚನೆ ಪೈಲಟ್ ಕೈಗೆ ಹೋಗಿರುತ್ತದೆ. ಅಪಾಯವಿರುವುದು ನೆಲದ ಮೇಲೆ, ಬಿಸಿಲಿನ ಕಾಂಕ್ರೀಟಿನಲ್ಲಿ ಗಾಡಿಯ ಮೇಲೆ ಕಾಯುವ ಹೊತ್ತಿನಲ್ಲಿ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಅನೇಕ ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುವುದು ನಿಮಗೆ ಅನುಕೂಲವೇ. ನಡುವೆ ಎಲ್ಲಿಯೂ ಇಳಿಸಿ ಹತ್ತಿಸುವ ಗೋಜಿಲ್ಲದ ನೇರ ವಿಮಾನಕ್ಕೆ ನಾಲ್ಕು ಕಾಸು ಹೆಚ್ಚಾದರೂ ಕೊಡಿ.

ಪೆಟ್ಟಿಗೆ, ಅಂದರೆ ಕ್ರೇಟ್, ಐಎಟಿಎ ಎಂದು ಪರಿಚಿತವಾದ ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಅಳತೆಗೆ ಇರಬೇಕು. ನಾಯಿಯನ್ನು ನೆಟ್ಟಗೆ ನಿಲ್ಲಿಸಿ ಟೇಪಿನಿಂದ ಅಳೆಯಿರಿ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಪೆಟ್ಟಿಗೆಯ ಉದ್ದ ಸಿಗುತ್ತದೆ. ಭುಜದ ಅಗಲದ ಎರಡರಷ್ಟು ಅದರ ಅಗಲ. ತಲೆ ಅಥವಾ ಕಿವಿಯ ತುದಿ, ಯಾವುದು ಮೇಲಿದೆಯೋ ಅಲ್ಲಿಯವರೆಗಿನ ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಅದರ ಎತ್ತರ. ಉದಾಹರಣೆಗೆ ಮೈಯುದ್ದ 84 ಸೆಂ.ಮೀ., ಮೊಣಕೈ ಎತ್ತರ 34, ಭುಜದ ಅಗಲ 26, ತಲೆಯ ಎತ್ತರ 70 ಇದ್ದರೆ ಒಳ ಅಳತೆ 101 ಉದ್ದ, 52 ಅಗಲ, 70ಕ್ಕಿಂತ ತುಸು ಹೆಚ್ಚು ಎತ್ತರ. ನಾಲ್ಕೂ ಬದಿಗೆ ಗಾಳಿಕಂಡಿ ಇರಬೇಕು, ಬಾಗಿಲು ಲೋಹದ್ದಾಗಿರಬೇಕು, ಮೇಲಿನ ಮತ್ತು ಕೆಳಗಿನ ಅರ್ಧಗಳನ್ನು ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ಲೋಹದ ನಟ್ಟು ಬೋಲ್ಟಿನಿಂದ ಬಿಗಿದಿರಬೇಕು, ಚಕ್ರಗಳಿದ್ದರೆ ಕಳಚಿರಬೇಕು. ಮೈಸೂರಿನಿಂದ ಹೊರಡುವವರು ಮರೆಯುವ ಸಂಗತಿಯೊಂದಿದೆ: ಒಂದು ಮೀಟರಿಗಿಂತ ಉದ್ದದ ಈ ಪೆಟ್ಟಿಗೆ ಸಣ್ಣ ಕಾರಿನ ಬಾಗಿಲಲ್ಲಿ ತೂರುವುದೇ ಇಲ್ಲ. ದೊಡ್ಡ ಗಾಡಿಯನ್ನು ಮೊದಲೇ ಗೊತ್ತುಮಾಡಿ, ಪೆಟ್ಟಿಗೆಯನ್ನು ಒಮ್ಮೆ ಅದರೊಳಗೆ ಇಟ್ಟು ನೋಡಿ.

ಪೆಟ್ಟಿಗೆಯನ್ನು ಈ ತಿಂಗಳೇ ಕೊಳ್ಳಿ. ನಿಮಗೆ ಸಿಕ್ಕಿರುವ ನಾಲ್ಕು ತಿಂಗಳ ಕಾಯುವಿಕೆಯಲ್ಲಿ ನಾಯಿಗೆ ಆಗಬಹುದಾದ ದೊಡ್ಡ ಉಪಕಾರ ಇದೇ. ಬಾಗಿಲು ಕಳಚಿ ಹಜಾರದಲ್ಲಿಟ್ಟು, ಅದು ಮಲಗುವ ಹಳೆಯ ಬೆಡ್‌ಶೀಟನ್ನೇ ಒಳಗೆ ಹಾಸಿ, ರಾತ್ರಿಯ ಊಟವನ್ನು ಒಳಗೇ ಕೊಡಿ. ತಾನಾಗಿ ಹೋಗಿ ಮಲಗತೊಡಗಿದ ಮೇಲೆ ಬಾಗಿಲು ಜೋಡಿಸಿ, ಮೊದಲು ಊಟ ಮುಗಿಯುವಷ್ಟು ಹೊತ್ತು, ಆಮೇಲೆ ಅರ್ಧ ಗಂಟೆ, ಕ್ರಮೇಣ ಇಡೀ ರಾತ್ರಿ ಮುಚ್ಚಿಡಿ. ಬೊಗಳಿದಾಗ ಬಾಗಿಲು ತೆರೆದರೆ ಬೊಗಳುವುದನ್ನೇ ಕಲಿಸಿದಂತಾಗುತ್ತದೆ. ಸುಮ್ಮನಾದ ಕ್ಷಣ ತೆರೆಯಿರಿ. ಅಕ್ಟೋಬರಿನಲ್ಲಿ ಪೆಟ್ಟಿಗೆಯ ಸಮೇತ ಗಾಡಿಯಲ್ಲಿ ಶ್ರೀರಂಗಪಟ್ಟಣದವರೆಗೆ, ಮುಂದೆ ಬೆಂಗಳೂರಿನವರೆಗೆ ಕರೆದೊಯ್ದು ಬನ್ನಿ. ಬೆಕ್ಕಿನ ಚೀಲಕ್ಕೂ ಇದೇ ಕ್ರಮ, ಇನ್ನಷ್ಟು ತಾಳ್ಮೆಯಿಂದ.

ಇಷ್ಟು ಮಾಡಿದರೆ ನಿದ್ದೆ ಮಾತ್ರೆಯ ಪ್ರಶ್ನೆ ಬಹುಮಟ್ಟಿಗೆ ತಾನಾಗಿ ಕರಗುತ್ತದೆ. ಆದರೂ ನೇರವಾಗಿ ಹೇಳುತ್ತೇನೆ: ಸರಕು ಕೋಣೆಯಲ್ಲಿ ಹೋಗುವ ನಾಯಿಗೆ ನಿದ್ದೆ ಅಥವಾ ಮಂಪರು ಬರಿಸುವ ಔಷಧ ಕೊಡಬೇಡಿ. ಇಂತಹ ಔಷಧಗಳು ರಕ್ತದೊತ್ತಡವನ್ನು ಇಳಿಸುತ್ತವೆ, ಮೈಯ ಬಿಸಿಯನ್ನು ಹತೋಟಿಯಲ್ಲಿಡುವ ಶಕ್ತಿಯನ್ನು ಕುಂದಿಸುತ್ತವೆ, ಗಾಡಿ ವಾಲಿದಾಗ ಕಾಲೂರಿ ನಿಲ್ಲುವ ಸಮತೋಲನವನ್ನು ಕಸಿಯುತ್ತವೆ. ಹತ್ತು ಗಂಟೆಯ ದಾರಿಯಲ್ಲಿ ಅದನ್ನು ನೋಡಿಕೊಳ್ಳುವವರು ಯಾರೂ ಕೆಳಗಿರುವುದಿಲ್ಲ. ಮಂಪರಿನಲ್ಲಿರುವ ಪ್ರಾಣಿಯನ್ನು ಕೌಂಟರಿನಲ್ಲೇ ಹಿಂದಕ್ಕೆ ಕಳುಹಿಸುವ ಸಂಸ್ಥೆಗಳೂ ಇವೆ. ಔಷಧಿ ಅಂಗಡಿಯವರು ಸಲಹೆ ಮಾಡುವ ಅಲರ್ಜಿಯ ಮಾತ್ರೆಗಳಿಗೂ ಇದೇ ಮಾತು. ಕ್ಯಾಬಿನ್‌ನಲ್ಲಿ ನಿಮ್ಮ ಕಣ್ಣೆದುರೇ ಇರುವ ಬೆಕ್ಕಿನ ವಿಷಯ ಸ್ವಲ್ಪ ಬೇರೆ. ಅದು ಅತಿಯಾಗಿ ಗಾಬರಿಪಡುವ ಸ್ವಭಾವದ್ದಾಗಿದ್ದರೆ ಆತಂಕ ತಗ್ಗಿಸುವ ಔಷಧದ ಬಗ್ಗೆ ನಿಮ್ಮ ವೈದ್ಯರೊಂದಿಗೆ ಮಾತನಾಡಬಹುದು, ಆದರೆ ಅದರ ಪ್ರಯೋಗ ಮನೆಯಲ್ಲಿ ವಾರಗಳ ಮುಂಚೆ ಆಗಿರಬೇಕು. 8 ವರ್ಷದ ಲ್ಯಾಬ್ರಡಾರ್‌ಗೆ ಹೃದಯ, ಮೂತ್ರಪಿಂಡ, ಥೈರಾಯ್ಡ್ ತಪಾಸಣೆಯನ್ನು ಆಗಸ್ಟಿನಲ್ಲಿ ರಕ್ತ ತೆಗೆಯುವಾಗಲೇ ಮಾಡಿಸಿಬಿಡಿ. ತೂಕ ಹೆಚ್ಚಿದ್ದರೆ ಇಳಿಸಲು ಸಮಯವೂ ಸಿಗುತ್ತದೆ.

ಹೊರಡುವ ದಿನ ಹೊಟ್ಟೆತುಂಬ ಉಣಿಸಬೇಡಿ. ವಿಮಾನ ನಿಲ್ದಾಣಕ್ಕೆ ಒಪ್ಪಿಸುವ ನಾಲ್ಕೈದು ಗಂಟೆ ಮುಂಚೆ ರೂಢಿಯ ಆಹಾರವನ್ನೇ, ಅದು ಮೊಸರನ್ನವಾಗಿದ್ದರೂ ಸರಿ, ಸ್ವಲ್ಪ ಕೊಡಿ. ನೀರನ್ನು ಕೊನೆಯವರೆಗೂ ಕೊಡಬಹುದು. ಬಾಗಿಲಿಗೆ ಸಿಕ್ಕಿಸುವ ಬಟ್ಟಲಲ್ಲಿ ನೀರನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿಕೊಂಡರೆ ಎತ್ತಿಳಿಸುವಾಗ ಚೆಲ್ಲದೆ, ದಾರಿಯಲ್ಲಿ ಕರಗಿ ಕುಡಿಯಲು ಸಿಗುತ್ತದೆ. ಚಿಕನ್ ಬಿಸ್ಕತ್ತು, ಒಣಮಾಂಸ, ಹಾಲಿನ ಪದಾರ್ಥವಿರುವ ನಾಯಿ ತಿಂಡಿಗಳನ್ನು ನಿಮ್ಮ ಬ್ಯಾಗಿನಲ್ಲಿ ತುಂಬಬೇಡಿ. ಹೊರಗಿನ ದೇಶಗಳಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಉತ್ಪನ್ನ ತರುವುದನ್ನು ಒಕ್ಕೂಟ ನಿಷೇಧಿಸಿದೆ. ಕಾಯಿಲೆಗೆಂದು ಕೊಡುವ ವಿಶೇಷ ಆಹಾರಕ್ಕೆ ಮಾತ್ರ 2 ಕೆಜಿವರೆಗೆ ವಿನಾಯಿತಿ ಇದೆ, ಅದೂ ಒಡೆಯದ ಪೊಟ್ಟಣದಲ್ಲಿ.

ಏಜೆಂಟರ ಬಗ್ಗೆ ನನ್ನ ಅಭಿಪ್ರಾಯ ಅರ್ಧಂಬರ್ಧದ್ದು. ಚಿಪ್, ಲಸಿಕೆ, ಟೈಟರ್, ಸರ್ಕಾರಿ ಪ್ರಮಾಣಪತ್ರ ಇವೆಲ್ಲವನ್ನೂ ಓದಲು ಬರೆಯಲು ಬಲ್ಲ ಯಾರಾದರೂ ತಾವೇ ಮಾಡಿಸಬಹುದು, ಬೆಕ್ಕಿಗೆ ಏಜೆಂಟರೇ ಬೇಡ. ದೊಡ್ಡ ನಾಯಿಯನ್ನು ನಿಮ್ಮ ಲಗೇಜಿನ ಲೆಕ್ಕದಲ್ಲಿ ಒಯ್ಯಲು ವಿಮಾನ ಸಂಸ್ಥೆ ಒಪ್ಪಿದರೆ ಅದಕ್ಕೂ ಬೇಡ. ಕಾರ್ಗೋ ಎಂದೇ ಕಾಯ್ದಿರಿಸಬೇಕಾಗಿ ಬಂದರೆ ಮಾತ್ರ ಆ ದಾರಿ ಬಲ್ಲವರೊಬ್ಬರು ಇರುವುದು ಅನುಕೂಲ. ಆಗಲೂ ಪೆಟ್ಟಿಗೆ, ಕಸ್ಟಮ್ಸ್, ಫ್ರಾಂಕ್‌ಫರ್ಟ್‌ನ ತಪಾಸಣಾ ಶುಲ್ಕ ಇವುಗಳಲ್ಲಿ ಯಾವುದು ಅವರ ಮೊತ್ತದಲ್ಲಿ ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಜರ್ಮನಿ ಪಿಟ್‌ಬುಲ್ ಟೆರಿಯರ್, ಬುಲ್ ಟೆರಿಯರ್ ಮುಂತಾದ ಕೆಲವು ತಳಿಗಳ ಆಮದನ್ನು ನಿಷೇಧಿಸಿದೆ; ಲ್ಯಾಬ್ರಡಾರ್‌ಗೆ ಆ ತೊಂದರೆಯಿಲ್ಲ. ಅಲ್ಲಿ ನೆಲೆಸಿದ ಮೇಲೆ ನಗರಾಡಳಿತದಲ್ಲಿ ನಾಯಿಯನ್ನು ನೋಂದಾಯಿಸಿ ನಾಯಿ ತೆರಿಗೆ ಕಟ್ಟಬೇಕು, ಬೆಕ್ಕಿಗೆ ತೆರಿಗೆಯಿಲ್ಲ. ಅಲ್ಲಿನ ಪಶುವೈದ್ಯರಿಂದ ಐರೋಪ್ಯ ಸಾಕುಪ್ರಾಣಿ ಪಾಸ್‌ಪೋರ್ಟ್ ಮಾಡಿಸಿ, ಟೈಟರ್ ಫಲಿತಾಂಶವನ್ನು ಅದರಲ್ಲಿ ಬರೆಸಿಕೊಳ್ಳಿ. ರಜೆಗೆ ಅವನ್ನು ಮೈಸೂರಿಗೆ ಕರೆತಂದು ಮತ್ತೆ ಹಿಂದಿರುಗುವಾಗ ಮೂರು ತಿಂಗಳ ಕಾಯುವಿಕೆ ಇಲ್ಲದಂತೆ ಮಾಡುವುದು ಆ ಒಂದು ನಮೂದೇ. ಭಾರತಕ್ಕೆ ಕರೆತರುವಾಗ ಎಕ್ಯೂಸಿಎಸ್‌ನ ನಿರಾಕ್ಷೇಪಣಾ ಪತ್ರವನ್ನು ವಿಮಾನ ಹತ್ತುವ ಮೊದಲೇ ಪಡೆದಿರಬೇಕಾದ್ದರಿಂದ, ಈಗ ಹೊರಡುವಾಗ ಆ ಕಚೇರಿ ಕೊಡುವ ಪ್ರಮಾಣಪತ್ರದ ಪ್ರತಿಯನ್ನು ಕಳೆಯದೆ ಇಟ್ಟುಕೊಳ್ಳಿ.